ಕಂಪೈಲರ್ ಇಲ್ಲದ ಕಂಪ್ಯೂಟರು

ಒಂಬತ್ತನೆಯ ಕಂತು

"ಐದು ಗಂಟೆಗೆ ಹಗ್ಗ ಕೈ ಬದಲಾಗಬೇಕು, ಬೀರಯ್ಯ. ಅದರ ಮೇಲೆ ಒಂದು ನಿಮಿಷ ಇಲ್ಲ."

ರಾಜೇಂದ್ರ ಇದನ್ನು ನಗುನಗುತ್ತಲೇ ಹೇಳಿದ. ಹಟ್ಟಿ ತಳಿ ಸಂಘದ ಕಾರ್ಯದರ್ಶಿಯಾದ ಅವನಿಗೆ ಕೋಪ ಬಂದಾಗಲೂ ನಗುವೇ ಬರುತ್ತಿತ್ತು. ಮಳವಳ್ಳಿಯಲ್ಲಿ ಅವನ ಮೇಜಿನ ಮುಂದೆ ಕುಳಿತು ಎದ್ದವರಿಗೆಲ್ಲ ಅದು ಗೊತ್ತಿದ್ದ ವಿಷಯ.

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ದೊಡ್ಡಬೀರಯ್ಯ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಹಗ್ಗದ ಆ ತುದಿಯಲ್ಲಿ ಗುಂಡ ನಿಂತಿತ್ತು. ಬಂಡೂರಿನ ಗಿಡ್ಡ ಕಾಲಿನ ಬೀಜದ ಟಗರು, ಕಿವಿಯಲ್ಲಿ ಹಳದಿ ಬಿಲ್ಲೆ. ಸಂಘದ ಕಚೇರಿಯ ಹೊಸ ಟೈಲ್ಸಿನ ಮೇಲೆ ಆಗಲೇ ಎರಡು ಸಲ ಹಿಕ್ಕೆ ಉದುರಿಸಿತ್ತು. ಆ ಕೋಣೆಯಲ್ಲಿ ಯಾರಿಗೂ ಹೆದರದೆ ನಿಂತಿದ್ದ ಜೀವ ಅದೊಂದೇ.

ನುಜ್ಹತ್ ಹೆದರಿರಲಿಲ್ಲ ಎಂದರೆ ಸುಳ್ಳಾದೀತು. ಕಿರುಗಾವಲಿನ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವಳು, ಸಭೆಗಳಲ್ಲಿ ಮಾತಾಡಿ ಅಭ್ಯಾಸವಿಲ್ಲ. ಆದರೆ ಹೆದರಿದ್ದನ್ನು ರಾಜೇಂದ್ರನಿಗೆ ತೋರಿಸಬಾರದೆಂದು ಬಸ್ಸಿನಲ್ಲಿ ಬರುವಾಗಲೇ ಹಟ ಹಿಡಿದಿದ್ದಳು.

ಒಂದು ತಿಂಗಳಿಂದ ಸಂಘದ ಕಂಪ್ಯೂಟರು ಗುಂಡನ ಬಿಲ್ಲೆ ನಂಬರಿಗೆ ರಾಜೇಂದ್ರನ ಷಡ್ಡಕ ಮರಿಸಿದ್ದಯ್ಯನ ಹೆಸರು ತೋರಿಸುತ್ತಿತ್ತು. ದೊಡ್ಡಬೀರಯ್ಯ ಕೇಳಿಕೊಂಡನೆಂದು ಅದೇ ಪಟ್ಟಿಯ ಪ್ರತಿಯನ್ನು ಮಂಗಳವಾರ ನುಜ್ಹತ್ ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ದೊಡ್ಡಬೀರಯ್ಯನ ಹೆಸರು ಬಂದಿತ್ತು.

ಸಂಘದ ನಿಯಮ ಸರಳ. ಕಂಪ್ಯೂಟರು ಯಾರ ಹೆಸರು ಹೇಳುತ್ತದೋ ಕುರಿ ಅವರದು. ಇನ್ನೊಬ್ಬರ ಕುರಿ ಇಟ್ಟುಕೊಂಡವನ ಹೆಸರು ನಡಾವಳಿ ಪುಸ್ತಕದಲ್ಲಿ ಕಳ್ಳನೆಂದು ಏರುತ್ತದೆ. ಟಗರು ಹೋದರೆ ಇನ್ನೊಂದನ್ನು ಬೆಳೆಸಬಹುದು. ಕುರಿಕಳ್ಳ ಎಂಬ ಹೆಸರು ಒಮ್ಮೆ ಅಂಟಿತೆಂದರೆ ಬಂಡೂರಿನಲ್ಲಿ ಯಾವ ಹಟ್ಟಿಯ ಬಾಗಿಲೂ ದೊಡ್ಡಬೀರಯ್ಯನಿಗೆ ತೆರೆಯುವುದಿಲ್ಲ.

"ಐವತ್ತು ವರ್ಸದಿಂದ ಕುರಿ ಕಾಯ್ತಿವ್ನಿ," ಎಂದ ಅವನು, ಯಾರ ಮುಖವನ್ನೂ ನೋಡದೆ. "ಚಿರ್ತೆ ಬಾಯಿಂದ ಕಿತ್ಕಂಡಿವ್ನಿ. ಮನ್ಸರ ಕೈಯಿಂದ ಕಿತ್ಕಂಡಿಲ್ಲ."

ನುಜ್ಹತ್ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ತಿರುಗಿಸಿದಳು. ಬಿಲ್ಲೆಯ ನಂಬರನ್ನು ಒತ್ತಿ ದೊಡ್ಡಬೀರಯ್ಯನ ಹೆಸರು ಬಂದದ್ದನ್ನು ತೋರಿಸಿದಳು. ಬೆಂಚುಗಳ ಮೇಲಿದ್ದ ಹತ್ತು ಹನ್ನೆರಡು ಮಂದಿ ಸದಸ್ಯರು ಕತ್ತು ಚಾಚಿ ನೋಡಿದರು.

ರಾಜೇಂದ್ರ ಕತ್ತು ಚಾಚಲಿಲ್ಲ. ಲ್ಯಾಪ್‌ಟಾಪು ಅವಳದು, ಪ್ರೋಗ್ರಾಮು ಅವಳದು, ನಾಳೆ ಈ ಟಗರು ತನ್ನ ಅತ್ತೆಯದೆಂದೂ ತೋರಿಸಬಹುದು ಎಂದ. ಬೆಂಚುಗಳು ಗೊಳ್ಳೆಂದು ನಕ್ಕವು. ನಕ್ಕವರ ಮೇಲೆ ನುಜ್ಹತ್‌ಗೆ ಸಿಟ್ಟು ಬರಲಿಲ್ಲ, ಏಕೆಂದರೆ ಮಾತು ನ್ಯಾಯವಾಗಿಯೇ ಇತ್ತು. ಅವಳೇ ಆ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದಳು.

"ಸರಿ, ನನ್ನನ್ನ ನಂಬಬೇಡಿ," ಎಂದಳು. "ನಿಮ್ಮ ಕಂಪ್ಯೂಟರಲ್ಲೇ, ನಿಮ್ಮೋರ ಕೈಯಿಂದ್ಲೇ ಹೊಸದಾಗಿ ಮಾಡ್ಸಿ. ನಾನು ಕೀಬೋರ್ಡು ಮುಟ್ಟಲ್ಲ."

ಮಾಡಿಸುವುದು ಎಂದರೇನು ಎಂದು ಕೇಳಿದವಳು ಯಶೋದಮ್ಮ, ಸಂಘದ ಅಧ್ಯಕ್ಷೆ. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ, ನ್ಯಾಯಸ್ಥಳೆಂದು ಹೆಸರು. ಎರಡೂ ಕಡೆಯವರ ಮಾತು ಕೇಳಿಯೇ ತೀರ್ಮಾನವಾಗಲಿ ಎಂದು ಇವತ್ತಿನ ಸಭೆ ಕರೆದಿದ್ದೂ ಅವಳೇ.

"ಯಶೋದಕ್ಕ, ಮಿಲ್ಲಿಗೆ ರಾಗಿ ತಕ್ಕೊಂಡು ಹೋದ್ರೆ ಡಬ್ಬ ಅಲ್ಲೇ ಬಿಟ್ಟು ಮನೆಗೆ ಬತ್ತೀರಾ?"

"ಬಂದ್ರೆ ಕೆಟ್ಟಂಗೇಯ. ಯಾರ್ದೋ ಮುಗ್ಗಲು ರಾಗಿ ಸೇರ್ಸಿ ಕೊಟ್ಟಾನು. ಮುಂದೆ ನಿಂತ್ಕಂಡೇ ಬೀಸಿಸ್ಬೇಕು."

"ಇದೂ ಅಂಗೇ. ಸೋರ್ಸು ಅಂದ್ರೆ ರಾಗಿ. ಕಂಪೈಲ್ ಮಾಡೋದು ಅಂದ್ರೆ ಬೀಸೋದು. ನಿಮ್ಮ ಕಂಪ್ಯೂಟರಲ್ಲಿ ಇರೋದು ಯಾರೋ ಬೀಸಿ ತಂದ ಹಿಟ್ಟು. ಇವತ್ತು ನಿಮ್ಮ ಕಣ್ಣೆದುರೇ ಬೀಸಿಸಿ."

ರಾಗಿಯ ಮಾತು ಬಂದ ಮೇಲೆ ಬೆಂಚುಗಳಿಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ. ಉಳಿದದ್ದನ್ನು ಅವಳು ನಾಲ್ಕೇ ಮಾತಿನಲ್ಲಿ ಮುಗಿಸಿದಳು. ಕುರಿಗಳ ಲೆಕ್ಕ ಇಡುವ ಈ ಪ್ರೋಗ್ರಾಮಿನ ಹೆಸರು ಮಂದೆ. ಬರೆದವರು ಯಾರೋ ಪುಣ್ಯಾತ್ಮರು, ಬರೆದ ಪ್ರತಿ ಸಾಲನ್ನೂ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಇಳಿಸಿಕೊಂಡು ಕಂಪೈಲ್ ಮಾಡಿಕೊಳ್ಳಬಹುದು. ಸಂಘದ ಪಟ್ಟಿಯನ್ನು ತಿದ್ದಿದರೆ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಅದರ ಒಂದು ಪ್ರತಿ ಪ್ರತಿ ತಿಂಗಳೂ ಪಶುವೈದ್ಯರ ಬಳಿಗೆ ಹೋಗುತ್ತದೆ. ಪ್ರೋಗ್ರಾಮನ್ನು ತಿದ್ದಿದರೆ ಕೇಳುವವರಿಲ್ಲ. ಪಟ್ಟಿ ಸರಿಯಾಗಿಯೇ ಇರುತ್ತದೆ, ಓದಿ ಹೇಳುವ ಬಾಯಿ ಮಾತ್ರ ಸುಳ್ಳಾಡುತ್ತದೆ.

ಯಶೋದಮ್ಮ ಆಗಲಿ ಎಂದಳು.

ಸಂಘದ ಕಂಪ್ಯೂಟರ್ ಆಪರೇಟರ್ ಶ್ವೇತ ಕುರ್ಚಿ ಎಳೆದುಕೊಂಡು ಕುಳಿತಳು. ಸೋರ್ಸು ಸಿಗುವ ವಿಳಾಸವನ್ನು ರಾಜೇಂದ್ರ ತನ್ನ ಫೋನಿನಲ್ಲಿಯೇ ಹುಡುಕಿ ಓದಬೇಕೆಂದು ನುಜ್ಹತ್ ಪಟ್ಟು ಹಿಡಿದಳು. ಅವನು ಓದಿದ, ಶ್ವೇತ ಬೆರಳಚ್ಚಿಸಿದಳು. ನುಜ್ಹತ್ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಸೋರ್ಸು ಎರಡು ನಿಮಿಷದಲ್ಲಿ ಇಳಿಯಿತು. ಕಂಪೈಲ್ ಮಾಡುವ ಆದೇಶ ಕೊಟ್ಟ ಮರುಕ್ಷಣವೇ ಪರದೆಯ ಮೇಲೆ ಒಂದೇ ಒಂದು ಸಾಲು ಬಂದು ನಿಂತಿತು.

ಈ ಕಂಪ್ಯೂಟರಿನಲ್ಲಿ ಕಂಪೈಲರ್ ಇಲ್ಲ.

ಶ್ವೇತ ಅದನ್ನು ಗಟ್ಟಿಯಾಗಿ ಓದಿದಳು. ರಾಜೇಂದ್ರ ಕುರ್ಚಿಯಿಂದ ಎದ್ದು ಬಂದು ತಾನೂ ಓದಿದ, ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಓದಿದ.

"ಬೀಸೋ ಕಲ್ಲೇ ಇಲ್ಲವಲ್ಲಮ್ಮ ನಮ್ಮ ಮನೇಲಿ," ಎಂದ. "ಕಲ್ಲೇ ಇಲ್ಲದ ಮೇಲೆ ನಾವು ಕಲಬೆರಕೆ ಮಾಡಿದ್ದು ಯಾವುದರಲ್ಲಿ?"

ಬೆಂಚುಗಳು ತಲೆ ತೂಗಿದವು. ನುಜ್ಹತ್‌ಳ ಕಿವಿ ಬಿಸಿಯಾಯಿತು. ಹನ್ನೆರಡು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವಳು, ಬರುವ ಮೊದಲು ಇಷ್ಟನ್ನು ಯೋಚಿಸಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಸಂಘದ ಕಚೇರಿಯ ಯಂತ್ರದಲ್ಲಿ ಕಂಪೈಲರ್ ಯಾಕಿರುತ್ತದೆ? ಪಟ್ಟಿ ತೆರೆಯುವುದು, ಮುಚ್ಚುವುದು, ಪ್ರಿಂಟ್ ತೆಗೆಯುವುದು, ಇಷ್ಟೇ ಅದರ ಕೆಲಸ.

ಬೈದುಕೊಳ್ಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ಇಲ್ಲಿ ಕಂಪೈಲರ್ ಇಲ್ಲವೆಂದರೆ, ಸುಳ್ಳಾಡುವ ಆ ಮಂದೆ ಇಲ್ಲಿ ತಯಾರಾದದ್ದಲ್ಲ. ಬೇರೆಲ್ಲೋ ತಯಾರಾಗಿ ಪೆನ್‌ಡ್ರೈವಿನಲ್ಲಿ ಬಂದು ಇಲ್ಲಿ ಕುಳಿತಿದೆ. ಅದನ್ನು ಬಾಯಿಬಿಟ್ಟು ಹೇಳದೆ, ಮೊದಲು ಬೀಸೋಣ ಎಂದಷ್ಟೇ ಹೇಳಿದಳು.

ಕಂಪೈಲರನ್ನು ಇಳಿಸಿಕೊಳ್ಳಲು ಇಪ್ಪತ್ತೈದು ನಿಮಿಷ ಹಿಡಿಯಿತು. ಟೀ ಬಂತು. ಗುಂಡನಿಗೆ ಯಾರೋ ಬಿಸ್ಕತ್ತು ಕೊಟ್ಟರು, ಅದು ಮೂಸಿ ಬಿಟ್ಟಿತು. ಮರಿಸಿದ್ದಯ್ಯ ಗಡಿಯಾರವನ್ನೇ ನೋಡುತ್ತ ಕುಳಿತಿದ್ದ.

ಎರಡನೆಯ ಸಲ ಆದೇಶ ಕೊಟ್ಟಾಗ ಸಾಲುಗಳು ಭರಭರನೆ ಓಡಿ, ಮತ್ತೆ ನಿಂತವು. ಪರದೆಯ ತುಂಬ ತಪ್ಪುಗಳು. ಶ್ವೇತ ಕೊನೆಯ ಸಾಲನ್ನು ಓದಿ, ಆಗುವುದಿಲ್ಲವೆಂದು ಕೈ ಎತ್ತಿದಳು. ಮೇಲಕ್ಕೆ ಹೋಗು, ಮೊದಲನೆಯ ತಪ್ಪನ್ನು ಓದು ಎಂದಳು ನುಜ್ಹತ್. ಈ ಕೆಲಸದಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ. ಕೊನೆಯ ಸಾಲು ಬರೀ ಅಳು. ಕಾರಣ ಇರುವುದು ಮೊದಲ ಸಾಲಿನಲ್ಲಿ. ಪಟ್ಟಿಯನ್ನು ಓದಲು ಮಂದೆಗೆ ಬೇಕಾದ ಒಂದು ಲೈಬ್ರರಿ, ಎಂದರೆ ಬೇರೆಯವರು ಮೊದಲೇ ಬರೆದಿಟ್ಟ ಸಹಾಯಕ ಪ್ರೋಗ್ರಾಮು, ಇರಲಿಲ್ಲ, ಅಷ್ಟೇ. ಅದನ್ನೂ ಇಳಿಸಿದರು.

ಅವಳ ಅಪ್ಪ ಜಲಾಲ್ ಪಂಪ್‌ಸೆಟ್ ಮೆಕ್ಯಾನಿಕ್ ಆಗಿದ್ದವನು. ಇಂಜಿನ್ನು ಏನು ಕೇಳುತ್ತದೋ ಅದನ್ನು ಕೊಡು, ನಿನಗೆ ತೋಚಿದ್ದನ್ನು ತುರುಕಬೇಡ ಎನ್ನುತ್ತಿದ್ದ. ಅಪ್ಪ ಇದ್ದಿದ್ದರೆ ಈ ಕಚೇರಿಯಲ್ಲಿ ಅವಳ ಪಕ್ಕ ನಿಲ್ಲುತ್ತಿದ್ದ, ರಾಜೇಂದ್ರನನ್ನು ನೋಡಿ ಒಂದಾದರೂ ಬೈಗುಳ ಉದುರಿಸುತ್ತಿದ್ದ ಎಂದು ನೆನೆದು ಅವಳಿಗೆ ಧೈರ್ಯ ಬಂತು.

ಮೂರನೆಯ ಸಲ ಸಾಲುಗಳು ನಿಲ್ಲಲಿಲ್ಲ. ನಾಲ್ಕು ಇಪ್ಪತ್ತಕ್ಕೆ ಹೊಸ ಮಂದೆ ತಯಾರಾಯಿತು. ಶ್ವೇತ ಸಂಘದ್ದೇ ಪಟ್ಟಿಯನ್ನು ಅದರಲ್ಲಿ ತೆರೆದು, ಗುಂಡನ ಕಿವಿಯ ಬಿಲ್ಲೆಯನ್ನು ಬಗ್ಗಿ ನೋಡಿ, ನಂಬರ್ ಒತ್ತಿದಳು.

"ಏನಂತವ್ವ ಅದು?" ಎಂದ ಓದು ಬಾರದ ದೊಡ್ಡಬೀರಯ್ಯ.

"ನಿಮ್ಮ ಹೆಸರು ಅಜ್ಜ," ಎಂದಳು ಶ್ವೇತ. "ದೊಡ್ಡಬೀರಯ್ಯ, ಬಂಡೂರು."

ಅವನು ಗುಂಡನ ಹತ್ತಿರಕ್ಕೆ ಸರಿದ. ಟಗರಿನ ಕತ್ತಿನ ಉಣ್ಣೆಯೊಳಗೆ ಬೆರಳು ತೂರಿಸಿಕೊಂಡು ನಿಂತ. ನುಜ್ಹತ್‌ಗೆ ಆ ಗಳಿಗೆಯಲ್ಲಿ ಆದ ಸಂತೋಷ ಅಷ್ಟಿಷ್ಟಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಒತ್ತಿಸಿದಳು, ಮರಿಸಿದ್ದಯ್ಯ ಬಂದ. ಹೊಸದರಲ್ಲಿ ಒತ್ತಿಸಿದಳು, ದೊಡ್ಡಬೀರಯ್ಯ ಬಂದ. ಬೇಕೆಂದೇ ಮೂರು ಸಲ ಮಾಡಿಸಿದಳು. ಕಂಪ್ಯೂಟರು ಒಂದೇ, ಪಟ್ಟಿ ಒಂದೇ, ಒತ್ತಿದ ಕೈ ಕೂಡ ಒಂದೇ. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಮರಿಸಿದ್ದಯ್ಯ ಗಡಿಯಾರ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದ.

ರಾಜೇಂದ್ರನ ನಗು ಮಾತ್ರ ಕಡಿಮೆಯಾಗಲಿಲ್ಲ. ಕಲಬೆರಕೆ ಆಗಿರುವುದು ನಿಜವೇ ಎಂದು ತಾನೇ ಒಪ್ಪಿಕೊಂಡ. ಆದರೆ ಈ ಯಂತ್ರದಲ್ಲಿ ಕಂಪೈಲರ್ ಇರಲಿಲ್ಲ, ಅದನ್ನು ಎಲ್ಲರೂ ನೋಡಿದ್ದಾರೆ. ಹಾಗಾದರೆ ಹೊರಗೆಲ್ಲೋ ಆದ ಕೆಲಸ. ಇಷ್ಟೆಲ್ಲ ತಿಳಿದವಳು ಎಲ್ಲಿ ಆಯಿತು ಎನ್ನುವುದನ್ನೂ ಹೇಳಬಲ್ಲಳೇ?

ಅವನು ಇದನ್ನು ಯಾಕೆ ಕೇಳುತ್ತಿದ್ದಾನೆ ಎಂದು ನುಜ್ಹತ್ ಒಂದು ಸಲ ಯೋಚಿಸಬೇಕಿತ್ತು. ಗೆದ್ದ ಬಿಸಿಯಲ್ಲಿದ್ದಳು, ಯೋಚಿಸಲಿಲ್ಲ.

"ಹೇಳ್ತೀನಿ," ಎಂದಳು. "ಕಂಪೈಲ್ ಮಾಡುವಾಗ ಯಾವ ಕಂಪ್ಯೂಟರು, ಯಾವ ಫೋಲ್ಡರು, ಯಾವತ್ತು ಅನ್ನೋದು ಪ್ರೋಗ್ರಾಮಿನ ಒಳಗೇ ಉಳ್ಕೊಳ್ತದೆ. ಬೇಕೂಂತ ಅಳಿಸದೆ ಇದ್ರೆ ಅಲ್ಲೇ ಇರ್ತದೆ. ಶ್ವೇತ, ಹಳೇದನ್ನ ಬಿಚ್ಚು."

ಬಿಚ್ಚುವ ಆದೇಶವನ್ನು ಅವಳೇ ಹೇಳಿಕೊಟ್ಟಳು. ಹಳೆಯ ಪ್ರೋಗ್ರಾಮಿನ ಹೊಟ್ಟೆಯೊಳಗಿನ ಅಕ್ಷರಗಳೆಲ್ಲ ಒಂದರ ಕೆಳಗೊಂದು ಪರದೆಯ ಮೇಲೆ ಸುರಿದವು. ಶ್ವೇತ ಸಾಲು ಸಾಲಾಗಿ ಕೆಳಗಿಳಿದಳು.

"ಜೋರಾಗಿ ಓದಿಸಮ್ಮ, ಎಲ್ಲರಿಗೂ ಕೇಳಲಿ," ಎಂದ ರಾಜೇಂದ್ರ.

ಶ್ವೇತಳ ಬೆರಳು ನಿಂತಿತು. ಅವಳು ಪರದೆಯಿಂದ ಕಣ್ಣು ತೆಗೆದು ನುಜ್ಹತ್‌ಳ ಮುಖ ನೋಡಿದಳು.

ನುಜ್ಹತ್ ಬಗ್ಗಿ ಆ ಸಾಲನ್ನು ನೋಡಿದಳು. ಒಮ್ಮೆ ನೋಡಿದ್ದು ಸಾಲದೆಂಬಂತೆ ಮತ್ತೆ ನೋಡಿದಳು.

ಒಂದು ಕೀ ಒತ್ತಿದ್ದರೆ ಸಾಕಿತ್ತು, ಆ ಸಾಲು ಮೇಲಕ್ಕೆ ಸರಿದು ಮರೆಯಾಗುತ್ತಿತ್ತು. ಅಳಿಸಿಬಿಟ್ಟಿದ್ದಾರೆ, ಸಿಗಲಿಲ್ಲ ಎನ್ನಬಹುದಿತ್ತು. ಬೆಂಚುಗಳ ಮೇಲಿದ್ದ ಯಾರಿಗೂ ಇಂಗ್ಲಿಷಿನ ಆ ಚಿಕ್ಕ ಅಕ್ಷರಗಳು ಕಾಣುತ್ತಿರಲಿಲ್ಲ, ಶ್ವೇತ ಬಾಯಿಬಿಡುವ ಹಾಗೂ ಕಾಣಲಿಲ್ಲ. ಟಗರು ಉಳಿಯುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಅವಳು ತಲೆಯೆತ್ತಿದಾಗ ರಾಜೇಂದ್ರ ಕೈ ಕಟ್ಟಿಕೊಂಡು, ಊಟಕ್ಕೆ ಎಲೆ ಹಾಕಿಸಿಕೊಂಡು ಕಾಯುವವನ ಹಾಗೆ ಕಾಯುತ್ತಿದ್ದ. ಆ ಸಾಲಿನಲ್ಲಿ ಏನಿದೆ ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅದು ಅರ್ಥವಾದ ಕೂಡಲೇ ಅವಳಿಗಿದ್ದ ಹೆದರಿಕೆ ಹೋಗಿ ಬರೀ ಸಿಟ್ಟು ಉಳಿಯಿತು.

"ಹೋಮ್, ನುಜ್ಹತ್, ಅಂಗಡಿ, ಮಂದೆ," ಎಂದು ಓದಿದಳು, ಕೋಣೆಯ ಮೂಲೆಗೂ ಕೇಳುವಂತೆ. "ಇದು ನನ್ನ ಅಂಗಡಿ ಕಂಪ್ಯೂಟರು. ಆ ಹೆಸರು ನಾನೇ ಇಟ್ಟಿದ್ದು. ಗುಂಡನ್ನ ಮರಿಸಿದ್ದಯ್ಯಂಗೆ ಬರೆದುಕೊಟ್ಟ ಮಂದೆ ನನ್ನ ಅಂಗಡೀಲೇ ತಯಾರಾಗಿರೋದು."

ಬೆಂಚುಗಳ ಮೇಲೆ ಗದ್ದಲ ಎದ್ದಿತು. ಅದರ ಮೇಲೆ ತೇಲಿಬಂದದ್ದು ರಾಜೇಂದ್ರನ ಧ್ವನಿ. ತಾನೇ ಕಲಬೆರಕೆ ಮಾಡುವುದು, ತಾನೇ ಪತ್ತೆ ಹಚ್ಚುವುದು, ತಾಲ್ಲೂಕಿಗೆಲ್ಲ ದೊಡ್ಡ ಜಾಣೆ ಎನಿಸಿಕೊಳ್ಳುವುದು. ಇಂಥವಳ ಮಾತು ಕಟ್ಟಿಕೊಂಡು ಸಂಘ ಟಗರನ್ನು ಬಿಟ್ಟುಕೊಡಬೇಕೇ, ಇವಳೂ ಆ ಮುದುಕನೂ ಸೇರಿಯೇ ಮಾಡಿರಬಾರದೇಕೆ ಎಂದ. ಎರಡು ತಲೆಗಳು ಹೌದೆಂದು ಆಡಿದವು. ಆಮೇಲೆ ನಾಲ್ಕು.

"ತಪ್ಪು ಮಾಡಿದೋಳು ತನ್ನ ಎಸ್ರ ತಾನೇ ಯಾಕ್ಲಾ ಓದಾಳು?" ಎಂದ ದೊಡ್ಡಬೀರಯ್ಯ. ಕಾರ್ಯದರ್ಶಿಯನ್ನು ಆ ಕಚೇರಿಯಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. "ನಿನ್ನ ಎಸ್ರಾಗಿದ್ರೆ ನೀನು ಓದ್ತಿದ್ದಾ?"

ನುಜ್ಹತ್ ಮತ್ತೆ ಪರದೆಯ ಕಡೆ ತಿರುಗಿದಳು.

"ಇನ್ನೂ ಮುಗಿದಿಲ್ಲ," ಎಂದಳು. "ಕೆಳಗಡೆ ದಿನ, ಗಂಟೆ ಎರಡೂ ಅದೆ. ಫೆಬ್ರವರಿ ಹನ್ನೆರಡು, ಬೆಳಗ್ಗೆ ಹನ್ನೊಂದೂವರೆ."

ಈಗ ರಾಜೇಂದ್ರನ ನಗು ನಿಂತಿತು. ಸಾಲಿನ ಸಂಗತಿ ಗೊತ್ತಿತ್ತು, ದಿನಾಂಕದ ಸಂಗತಿ ಅವನಿಗೆ ಯಾರೂ ಹೇಳಿರಲಿಲ್ಲ.

ಫೆಬ್ರವರಿ ಹನ್ನೆರಡನ್ನು ನುಜ್ಹತ್ ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಅಮ್ಮ ಮಹಬೂಬ್ ಬೀಯ ಕಣ್ಣಿನ ಪೊರೆ ತೆಗೆಸಲು ಹನ್ನೊಂದರ ಬೆಳಗ್ಗೆಯೇ ಮಂಡ್ಯಕ್ಕೆ ಹೋಗಿ, ಹದಿಮೂರರ ಸಂಜೆ ವಾಪಸು ಬಂದಿದ್ದಳು. ಮೂರು ದಿನವೂ ಅಂಗಡಿಗೆ ಬೀಗ. ಆಸ್ಪತ್ರೆಯ ಚೀಟಿ ಇನ್ನೂ ಅವಳ ಪರ್ಸಿನಲ್ಲಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಸಾಕು ಕಣಮ್ಮ," ಎಂದಳು ಯಶೋದಮ್ಮ. "ನೀನಲ್ಲ ಅಂತ ಗೊತ್ತಾಯ್ತು. ಇಲ್ಲಿಗೆ ಬುಡು."

ಅಲ್ಲಿಗೆ ಬಿಡಬಹುದಿತ್ತು. ಚೀಟಿ ಅವಳನ್ನು ಬಿಡಿಸಿತ್ತು. ಮುಂದಿನ ಮಾತು ಆಡಿದರೆ ಅದು ಅವಳ ಮನೆಯ ಹೊಸಿಲನ್ನೇ ತುಳಿಯುತ್ತಿತ್ತು, ಮತ್ತು ಒಮ್ಮೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಆದರೆ ದೊಡ್ಡಬೀರಯ್ಯನ ಕೈಯಲ್ಲಿ ಹಗ್ಗ ಇನ್ನೂ ಬಿಗಿಯಾಗಿಯೇ ಇತ್ತು. ಆ ಮೂರು ದಿನ ತನ್ನ ಅಂಗಡಿಯೊಳಗೆ ಕುಳಿತವರು ಯಾರೆಂದು ಹೊರಬೀಳುವ ತನಕ ಅದು ಸಡಿಲವಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಸಾಲ್ದು, ಯಶೋದಕ್ಕ. ಅಂಗಡಿಗೆ ಇರೋದು ಎರಡೇ ಕೀಲಿ. ಒಂದು ಮಂಡ್ಯದಲ್ಲಿ ನನ್ನ ಹತ್ರ ಇತ್ತು. ಇನ್ನೊಂದು ನನ್ನ ಗಂಡನ ಹತ್ರ ಇತ್ತು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಹೆಂಡತಿಯನ್ನು ಬೈಕಿನಲ್ಲಿ ಕಿರುಗಾವಲಿಗೆ ಕರೆದೊಯ್ಯಲು ಬಂದಿದ್ದ ಝುಬೇರ್ ಆಗಲೇ ಹತ್ತು ನಿಮಿಷದಿಂದ ಅಲ್ಲಿ ನಿಂತಿದ್ದ. ಟಿಲ್ಲರ್ ರಿಪೇರಿ ಮಾಡುವ ಕೈ, ಉಗುರಿನ ಸಂದಿಯಲ್ಲಿ ಗ್ರೀಸು. ಕಂಪ್ಯೂಟರಿನ ಸ್ವಿಚ್ಚು ಎಲ್ಲಿದೆ ಎನ್ನುವುದೂ ತನಗೆ ತಿಳಿಯದೆಂದು ಒಂಬತ್ತು ವರ್ಷದಿಂದ ಹೇಳಿಕೊಂಡು ನಗುತ್ತಿದ್ದವನು ಅವನು. ಅದು ನಿಜವೂ ಹೌದು. ಅಂದ ಮೇಲೆ ಅಲ್ಲಿ ಕುಳಿತದ್ದು ಅವನಲ್ಲ, ಅವನ ಕೈಯಿಂದ ಕೀಲಿ ಇಸಿದುಕೊಂಡವರು.

ಕೀಲಿ ಯಾರಿಗೆ ಕೊಟ್ಟಿದ್ದೆ ಎಂದು ನುಜ್ಹತ್ ಅಷ್ಟು ಜನರ ಮುಂದೆಯೇ ಕೇಳಿದಳು.

ಝುಬೇರ್ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಅವನು ಹೆಂಡತಿಯ ಕಡೆ ನೋಡಲಿಲ್ಲ. ರಾಜೇಂದ್ರನ ಕಡೆಯೂ ನೋಡಲಿಲ್ಲ. ಅವನ ಕಣ್ಣು ನೇರವಾಗಿ ಹೋಗಿ ನಿಂತದ್ದು ಯಶೋದ‌ಮ್ಮನ ಮೇಲೆ.

ಯಶೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಗಡಿಯಾರದಲ್ಲಿ ಐದಕ್ಕೆ ಇನ್ನೂ ಹದಿನೆಂಟು ನಿಮಿಷವಿತ್ತು.

"ಸಭೆ ಮುಗೀತು," ಎಂದಳು. "ಬೀರಯ್ಯ, ಹಗ್ಗ ಮರಿಸಿದ್ದಯ್ಯನ ಕೈಗೆ ಕೊಡು."

ಮೊದಲ ಸಲ ಗುಂಡ ಬೆದರಿ ಹಿಂದಕ್ಕೆ ಜಗ್ಗಿತು. ಮರಿಸಿದ್ದಯ್ಯ ಎದ್ದು ಎರಡು ಹೆಜ್ಜೆ ಬಂದ. ನುಜ್ಹತ್ ಅವನನ್ನು ದಾಟಿ ಬಾಗಿಲಿಗೆ ಹೋಗಿ, ಗಂಡನನ್ನು ತೋಳು ಹಿಡಿದು ಒಳಗೆಳೆದುಕೊಂಡು, ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಹಗ್ಗ ಬುಡಬೇಡ, ಬೀರಜ್ಜ," ಎಂದಳು, ಝುಬೇರನ ಮುಖದಿಂದ ಕಣ್ಣು ತೆಗೆಯದೆ. "ಝುಬೇರ್, ಕೀಲಿ ಇಸ್ಕೊಂಡಿದ್ದು ಯಾರು ಅಂತ ಇನ್ನು ನಿನ್ನ ಕೇಳಲ್ಲ, ಅದು ಯಶೋದಕ್ಕನ ಮಾತಲ್ಲೇ ಗೊತ್ತಾಯ್ತು. ಕೊಟ್ಟಿದ್ದು ಯಾಕೆ ಅಂತ ಹೇಳು."